ಹಸಿರು ಗುಳಿಗೆ ಮತ್ತು ಒಲೆಯ ಮೂಲೆಯ ತಗ್ಗು

೧೯೫೬ನೆಯ ಇಸವಿ ಜುಲೈ ೯, ಸೋಮವಾರ, ಮುಂಜಾನೆ ಏಳು ಗಂಟೆ ಹತ್ತು ನಿಮಿಷ. ನಮ್ಮ ಪಡಸಾಲೆಯ ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ, ಹೀಗಾಗಿ ಏಳೂ ಐದು ಎಂದು ಹಿಡಿಯಬೇಕು. ಆ ಹೊತ್ತಿಗೆ ನಾನು ಮೊದಲನೆಯ ಹಸಿರು ಗುಳಿಗೆ ನುಂಗಿದೆ. ಹತ್ತು ನಿಮಿಷದಲ್ಲಿ ಅದರ ವಾಸನೆ ತೇಗಿನ ಜೊತೆ ಮೇಲೆ ಬಂತು. ಬಾವಿಯ ರಾಟೆಯ ತುಕ್ಕು ಹಿಡಿದ ಸರಪಳಿಯನ್ನು ಯಾರೋ ನನ್ನ ಬಾಯೊಳಗೆ ಎಳೆದ ಹಾಗಿತ್ತು.

ಆಗ ನನಗೆ ಹತ್ತೊಂಬತ್ತು ವರ್ಷ, ಬಸಿರಿಗೆ ನಾಲ್ಕು ತಿಂಗಳು. ತವರು ನರಗುಂದ, ಗಂಡನ ಮನೆ ಗಜೇಂದ್ರಗಡ. ಮನೆಯಲ್ಲಿ ಅತ್ತೆ, ಇವರು ಮತ್ತು ನಾನು, ಮೂರೇ ಜನ. ಇವರು ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರು; ಶನಿವಾರಕ್ಕೊಮ್ಮೆ ಆ ಕೆಲಸದ ಮೇಲೆ ರೋಣಕ್ಕೆ ಹೋಗಿ ಬರುತ್ತಿದ್ದರು. ನನಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುವಾಗ ಒಂದು ಚಟ ಹತ್ತಿತ್ತು: ನಡೆದದ್ದಕ್ಕೆ ತಾರೀಖು ಹಾಕಿ ಬರೆಯುವುದು, ಎಣಿಸಲು ಬರುವುದನ್ನೆಲ್ಲ ಗೆರೆ ಎಳೆದು ಎಣಿಸುವುದು. ಮದುವೆಯಾದ ಮೇಲೂ ಅದು ಬಿಡಲಿಲ್ಲ. ಜೂನ್ ತಿಂಗಳಲ್ಲಿ ನೀರು ತರುವಾಗ ಎರಡು ಸಲ ಕಣ್ಣು ಕತ್ತಲೆ ಬಂದು ಕೆಳಗೆ ಕುಳಿತೆ. ಎರಡನೆಯ ಸಲ ಕೊಡ ಒಡೆಯಿತು. ಆಗ ಇವರು ಮುಂದಿನ ಶನಿವಾರ ನನ್ನನ್ನು ರೋಣದ ದವಾಖಾನೆಗೆ ಕರೆದುಕೊಂಡು ಹೋದರು.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನು ಬೀಡಿ ಸೇದುತ್ತ ಬಂದ. ನಾನು ಕಿಟಕಿಯಿಂದ ಹೊರಗೆ ಮೂರು ಸಲ ವಾಂತಿ ಮಾಡಿದೆ. ಮೂರನೆಯದು ಗಾಳಿಗೆ ತಿರುಗಿ ನನ್ನ ತೋಳಿನ ಮೇಲೆಯೇ ಬಿತ್ತು.

ದವಾಖಾನೆಯ ನರ್ಸಬಾಯಿ ನನ್ನ ಹೊಟ್ಟೆಯನ್ನಲ್ಲ, ಮೊದಲು ಕಣ್ಣನ್ನು ನೋಡಿದರು. ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಜಗ್ಗಿ ಹೊರಳಿಸಿ, ಅತ್ತ ಇತ್ತ ತಿರುಗಿಸಿ ನೋಡಿ, ಕೈ ಒರೆಸಿಕೊಂಡರು.

"ಮೆಂತೆ ಕಾಳಿನಷ್ಟೂ ಕೆಂಪಿಲ್ಲಲ್ಲವಾ ಒಳಗ. ಏನ್ ತಿಂತೀ ನೀ?"

"ರೊಟ್ಟಿ, ಪಲ್ಲೆ, ಎಲ್ಲಾ ತಿಂತೀನ್ರಿ."

"ತಿಂದದ್ದು ಎಲ್ಲಿ ಹೋಗ್ತೈತಿ ಹಂಗಾರ?" ಎಂದು, ಇವರು ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ನೋಡ್ರಿ, ಹಡಿಯೂ ಹೊತ್ತಿನ್ಯಾಗ ಎಲ್ಲಾರಿಗೂ ರಕ್ತ ಹೋಗ್ತೈತಿ. ಇಕಿ ಮೈಯಾಗ ಹೋಗಾಕ ರಕ್ತನ ಇಲ್ಲ. ಹಿಂಗ ಬೆಳ್ಳಗ ಬಂದು ಹಡದಾಕಿ ಉಳಿಯೂದು ಕಠಿಣ. ಡಿಸೆಂಬರ್ ತನಾ ಟೈಮ್ ಐತಿ. ಒಂದ್ ದಿನಾನೂ ತಪ್ಪಿಸಬ್ಯಾಡ್ರಿ."

ಕೊಟ್ಟದ್ದು ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಎರಡು ಪುಡಿಕೆ. ಒಂದರಲ್ಲಿ ಸಕ್ಕರೆ ಲೇಪದ ಹಸಿರು ಗುಳಿಗೆ, ಕಬ್ಬಿಣದ್ದು. ಊಟದ ಮೇಲೆ ದಿನಕ್ಕೆ ಮೂರು. ಇನ್ನೊಂದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಳದಿ ಗುಳಿಗೆ, ದಿನಕ್ಕೆ ಒಂದು. ಅದೂ ರಕ್ತಕ್ಕೇ, ಹೆಸರು ಫೋಲಿಕ್ ಎಂದರು. ಹಳದಿಯದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದಕ್ಕೆ ರುಚಿಯೇ ಇರಲಿಲ್ಲ.

ಮನೆಗೆ ಬಂದು ಹೇಳಿದರೆ ಅತ್ತೆ ಅಂದರು, "ನಾಳಿ ಮಣ್ಣೆತ್ತಿನ ಅಮಾಸಿ. ಅಮಾಸಿ ಕಳೀಲಿ, ಸೋಮವಾರ ಚಲೋ ದಿನ, ಸುರು ಮಾಡು." ಅದಕ್ಕೇ ಜುಲೈ ೯.

ಆದರೆ ಅದರ ಹಿಂದಿನ ದಿನ, ಜುಲೈ ೮, ನಡೆದದ್ದನ್ನು ನಾನು ನೋಟುಬುಕ್ಕಿನಲ್ಲಿ ಬರೆಯಲಿಲ್ಲ. ಈಗ ಬರೆಯುತ್ತೇನೆ. ಅತ್ತೆ ಹೊಲದ ಮಣ್ಣು ತರಿಸಿ, ನೀರು ಹಾಕಿ ಮಿದ್ದು, ಎರಡು ಎತ್ತು ಮಾಡಿ ಮಣೆಯ ಮೇಲೆ ಇಟ್ಟಿದ್ದರು. ಹಸಿ ಮಣ್ಣಿನ ವಾಸನೆ ಮನೆಯ ತುಂಬ ಇತ್ತು. ಪೂಜೆಗೆ ಹೂ ಏರಿಸಲು ಹೋದವಳು ಎಡಗಡೆಯ ಎತ್ತಿನ ಕಿವಿ ಮುರಿದು ಬಾಯಿಗೆ ಹಾಕಿಕೊಂಡೆ. ಕೈ ತಾನಾಗಿ ಹೋಯಿತು. ಮಣ್ಣು ಹಲ್ಲಿನ ನಡುವೆ ಕರಕರ ಅಂದಿತು. ಬಾಯಿ ತುಂಬ ನೀರು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ವಸ್ತು ವಾಕರಿಕೆ ಇಲ್ಲದೆ ಗಂಟಲಿನಲ್ಲಿ ಇಳಿಯಿತು. ಅತ್ತೆ ಬಂದು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ನಕ್ಕರು.

"ದೇವರ ಎತ್ತಿನ ಕಿವಿ ಕಡಿದೇನ? ಬಯಕಿ ಸುರು ಆತು ನೋಡು. ಹಸೇದು ತಿನಬ್ಯಾಡ, ಹೊಟ್ಯಾಗ ಹುಳ ಬೀಳ್ತಾವು. ಬಾ ಇಲ್ಲೆ."

ಒಲೆಯ ಹತ್ತಿರ ಕರೆದುಕೊಂಡು ಹೋದರು. ನಮ್ಮದು ಹಳೆಯ ಮಣ್ಣಿನ ಒಲೆ. ಅದರ ಎಡಮೂಲೆಯ ಹಿಂದೆ, ದಿನಾ ಸಾರಿಸುವಾಗ ಸೆಗಣಿಯ ಕೈ ಮುಟ್ಟದೆ ಬಿಟ್ಟ ಒಂದು ಜಾಗವಿತ್ತು. ಅಲ್ಲಿ ಒಂದು ತಗ್ಗು. ಅತ್ತೆ ಚಮಚದ ಹಿಡಿಯಿಂದ ಅದರೊಳಗೆ ಕೆತ್ತಿದರು. ವರ್ಷಾನುಗಟ್ಟಲೆ ಬೆಂದು ಕೆಂಪಾಗಿದ್ದ ಮಣ್ಣು ಬಿಲ್ಲೆಬಿಲ್ಲೆಯಾಗಿ ಉದುರಿತು.

"ಇದು ಬಸರೆಂಗಸರ ಮೂಲಿ. ನಾನೂ ತಿಂದೀನಿ, ನಮ್ಮತ್ತೀನೂ ತಿಂದಾಳ. ಈ ಮನಿ ಒಲಿ ಮಣ್ಣು ತಿಂದ್ರ ಕೂಸು ಈ ಮನಿದಾಗಿ ಹುಟ್ಟತೈತಿ. ಬಯಕಿ ಹಿಡದಿಟ್ರ ಕೂಸಿನ ಕಿವಿ ಸೋರ್ತಾವು."

ಇಂಥ ಮಾತನ್ನು ಅವರು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಅಂಗೈಯಲ್ಲಿ ಇಟ್ಟ ಮಣ್ಣನ್ನು ನಾನು ಪ್ರಸಾದದ ಹಾಗೆ ತಿಂದೆ.

ಅಂದಿನಿಂದ ದಿನದ ಕ್ರಮ ಇಷ್ಟು. ಊಟ, ಹಸಿರು ಗುಳಿಗೆ, ನೋಟುಬುಕ್ಕಿನಲ್ಲಿ ಒಂದು ಗೆರೆ. ಆಮೇಲೆ ತುಕ್ಕಿನ ತೇಗು. ತೇಗನ್ನು ಕೊಲ್ಲಲು ಮಣ್ಣು. ಮಣ್ಣು ಹೋದ ಮೇಲೆ ಬಾಯಿ ತೊಳೆಯಲು ಒಂದು ಬಟ್ಟಲು ಚಹಾ. ಮಳೆಗಾಲದ ಹಸಿಗೆ ಗುಳಿಗೆಗಳು ಪುಡಿಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡು, ಲೇಪ ಕರಗಿ, ಕಾಗದಕ್ಕೆ ಹಸಿರು ಕಲೆ ಬಿಟ್ಟವು. ಬಿಡಿಸಿಕೊಂಡು ನುಂಗುವಾಗ ಬೆರಳು, ತುಟಿ, ನಾಲಗೆ ಎಲ್ಲ ಹಸಿರು. ಇವರು ಒಂದು ಸಲ ನನ್ನ ಮುಖ ನೋಡಿ, "ಗಿಳಿ ತಿಂದೀಯೇನ?" ಎಂದು ನಕ್ಕರು. ನಾನು ನಗಲಿಲ್ಲ. ನಕ್ಕರೆ ತೇಗು ಬರುತ್ತಿತ್ತು.

ಇದಕ್ಕಿಂತ ಅಸಹ್ಯವಾದದ್ದು ಇನ್ನೊಂದು. ನಮ್ಮ ಕಡೆ ಹೆಂಗಸರು ನಸುಕಿನಲ್ಲಿ ತಂಬಿಗೆ ಹಿಡಿದು ಗುಂಪಾಗಿ ಬಯಲಿಗೆ ಹೋಗುವುದು ರೂಢಿ. ಗುಂಪಿಗೆ ಹಿರಿಯಳು ಮೂಲೆಮನೆಯ ದೊಡ್ಡವ್ವ. ಆಕೆ ಅಲ್ಲಿ ಕುಳಿತೇ ಊರಿನ ಸುದ್ದಿಯೆಲ್ಲ ಮುಗಿಸುತ್ತಿದ್ದಳು. ಗುಳಿಗೆ ಸುರು ಮಾಡಿದ ನಾಲ್ಕನೆಯ ದಿನಕ್ಕೆ ನನಗೆ ಬಯಲಿಗೆ ಆಗುವುದೆಲ್ಲ ಡಾಂಬರಿನ ಹಾಗೆ ಕಪ್ಪಾಯಿತು. ನಾನು ದೂರ ಹೋಗಿ ಕೂರತೊಡಗಿದೆ. ಅದೇ ತಪ್ಪಾಯಿತು. ದೂರ ಕೂತವಳಲ್ಲಿ ಏನೋ ಇದೆ ಎಂದು ದೊಡ್ಡವ್ವ ಮರುದಿನ ಎದ್ದು ಬಂದು ನೋಡಿಯೇ ನೋಡಿದಳು.

"ಅಯ್ ನಿನ ಶಿವನ! ಇದೇನ, ಒಲಿ ಮಸಿ ಹಡದಂಗ ಹಡದೀಯಲ್ಲ?"

"ಗುಳಿಗಿ ತಿಂತೀನಿ ದೊಡ್ಡವ್ವಾ. ಅದಕ್ಕ."

"ಯಾವ ಗುಳಿಗಿ? ರಕ್ತದ್ದೇನ? ತಂಗೀ, ರಕ್ತದ ಔಷಧದಾಗ ಆಡಿನ ಕಾಳಜ ಅರದು ಹಾಕತಾರ. ಗದಗಿನ್ಯಾಗ ನಮ್ಮ ಬೀಗರಿಗೆ ಹಂಗ ಕೊಟ್ಟಿದ್ರು. ನಿಮ್ಮತ್ತಿಗೆ ಗೊತ್ತೈತೇನ?"

ಕಾಳಜ ಎಂದರೆ ಯಕೃತ್ತು; ನಮ್ಮದು ಮಾಂಸ ಮುಟ್ಟದ ಮನೆ. ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅತ್ತೆ ಪುಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಅಂಗಳದ ಕಟ್ಟೆಯ ಮೇಲೆ ಇಟ್ಟು, ಕೈ ತೊಳೆದುಕೊಂಡು ನಿಂತಿದ್ದರು. ಮುಂದಿನ ವಾರದ ಶನಿವಾರ ಅವರೇ ನಮ್ಮ ಜೊತೆ ರೋಣಕ್ಕೆ ಬಂದರು. ನಡುವಿನ ದಿನಗಳಲ್ಲಿ ನಾನು ಗುಳಿಗೆಯನ್ನು ಅಂಗಳದಲ್ಲೇ ನಿಂತು ನುಂಗಿದೆ. ಒಳಗೆ ತರಲು ಅಪ್ಪಣೆ ಇರಲಿಲ್ಲ.

ನರ್ಸಬಾಯಿ ಅತ್ತೆಯ ಮಾತು ಪೂರ್ತಿ ಕೇಳಿದರು. "ಕಾಳಜದ ಔಷಧ ಬ್ಯಾರೆ ಐತ್ರಿ, ಸೂಜಿಲೆ ಕೊಡತಾರ. ಇದು ಬರೇ ಕಬ್ಬಿಣ. ಗುದ್ದಲಿ, ಹಾರಿ ಇರತಾವಲ್ಲ, ಅದರ ಜಾತಿ."

ಅತ್ತೆಗೆ ಅರ್ಧ ಸಮಾಧಾನವಾಯಿತು. "ಗುದ್ದಲಿ ತಿಂದ್ರ ಕೂಸಿಗೆ ಚುಚ್ಚೂದಿಲ್ಲೇನ್ರಿ?"

"ಕರಗಿಸಿ ಮಾಡಿರತಾರವಾ. ನಿಮ್ಮ ಕೂಸಿಗೆ ಗುದ್ದಲಿ ಹಿಡಿಕಿ ಬರೂದಿಲ್ಲ."

ಪುಡಿಕೆ ಮತ್ತೆ ಮನೆಯೊಳಗೆ ಬಂತು.

ಆಗಸ್ಟ್ ೧೮, ಶನಿವಾರ. ಹಿಂದಿನ ದಿನಕ್ಕೆ ನಲವತ್ತು ದಿನ ಪೂರ್ತಿಯಾಗಿದ್ದವು. ಹಸಿರು ಗುಳಿಗೆ ೧೨೦ಕ್ಕೆ ೧೨೦, ಹಳದಿ ೪೦ಕ್ಕೆ ೪೦. ಶ್ರಾವಣದ ಸೋಮವಾರಗಳಲ್ಲಿ ಒಪ್ಪತ್ತು ಇದ್ದರೂ ತಪ್ಪಿಸಿರಲಿಲ್ಲ. ನಾನು ನೋಟುಬುಕ್ಕನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬಂದವಳ ಹಾಗೆ ಕುಳಿತಿದ್ದೆ.

ನರ್ಸಬಾಯಿ ರೆಪ್ಪೆ ಹೊರಳಿಸಿದರು. ಇನ್ನೊಂದು ಕಣ್ಣಿನದೂ ಹೊರಳಿಸಿದರು. ಅವರ ಮುಖ ಬಿಗಿಯಿತು.

"ಎಲ್ಲೆ ಒಗೀತೀ ಗುಳಿಗಿ? ತಿಪ್ಪ್ಯಾಗೋ, ಬಚ್ಚಲದಾಗೋ?"

"ಒಂದೂ ಒಗದಿಲ್ರಿ!"

"ಸುಳ್ಳ್ ಹೇಳಬ್ಯಾಡ. ಬಂದಾಗಿನಕಿಂತ ಬೆಳ್ಳಗಾಗೀ."

ನಾನು ನೋಟುಬುಕ್ಕು ತೆಗೆದು ಮುಂದೆ ಇಟ್ಟೆ. ನಾಲ್ಕು ಗೆರೆಗೆ ಅಡ್ಡ ಒಂದು, ಐದೈದರ ಕಟ್ಟು, ಸಾಲುಸಾಲು. ಅವರು ಹಾಳೆ ಹಾಳೆ ತಿರುವಿದರು. ಆಮೇಲೆ ಹಾಳೆ ಬಿಟ್ಟು, ಅದನ್ನು ಹಿಡಿದಿದ್ದ ನನ್ನ ಬೆರಳು ನೋಡಿದರು. ಕೈ ಹಿಡಿದು ಬೆಳಕಿಗೆ ತಂದರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು.

"ಇದನ್ಯಾಕ ಬರದಿಲ್ಲ ಬುಕ್ಕಿನ್ಯಾಗ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ದಿನಕ್ಕ ಎಷ್ಟು?"

"ಎಣಿಸಿಲ್ರಿ," ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ವಾಂತಿ?"

"ಅದನ್ನೂ ಎಣಿಸಿಲ್ರಿ."

ನಾನು ಎಣಿಸಿದ್ದು ನುಂಗಿದ್ದನ್ನು ಮಾತ್ರ. ಒಳಗೆ ನಿಂತದ್ದನ್ನಲ್ಲ, ಅದರ ಬೆನ್ನಿಗೆ ಏನು ಕಳಿಸಿದೆ ಎಂಬುದನ್ನೂ ಅಲ್ಲ. ನಲವತ್ತು ದಿನ ಚಂದದ ಗೆರೆ ಎಳೆದು ನನಗೆ ನಾನೇ ಶಹಬಾಸ್ ಹೇಳಿಕೊಂಡಿದ್ದೆ. ಆ ಹಾಳೆಗಳನ್ನು ನೋಡಿದರೆ ಈಗಲೂ ನನಗೆ ಹೇಸಿಗೆ.

ನರ್ಸಬಾಯಿ ದನಿ ಇಳಿಸಿದರು. "ಮಣ್ಣು ಒಳಗ ಕುಂತು ಕಬ್ಬಿಣ ಹೀರ್ಕೋತೈತಿ ಅಂತ ನನಗ ಅನಸ್ತೈತಿ. ಡಾಕ್ಟರಬಾಯಾರ್ನ ಕೇಳಿದ್ನಿ, ಅವರಿಗೂ ಖಾತ್ರಿ ಇಲ್ಲ. ಆದ್ರ ಇಷ್ಟು ವರ್ಷದಾಗ ನಾ ನೋಡೀನಿ, ಮಣ್ಣು ತಿನ್ನಾಕಿಗೆ ಗುಳಿಗಿ ಹತ್ತೂದಿಲ್ಲ. ಮಣ್ಣು ಬಿಡು. ಗುಳಿಗಿ ಬೆನ್ನಿಗೆ ಚಹಾನೂ ಬಿಡು. ನಿಂಬಿಹಣ್ಣಿನ ನೀರು ಕುಡಿ. ನಾಕ ತಿಂಗಳು ಉಳದಾವು ತಂಗೀ."

ಬಸ್ಸಿನಲ್ಲಿ ಬರುವಾಗ ಆಣೆ ಮಾಡಿಕೊಂಡೆ. ಮನೆಯಲ್ಲಿ ಸಂಜೆ ಒಲೆಗೆ ಬೆಂಕಿ ಹಾಕಿದೆ; ಸಾರು ಕುದಿದು ಒಂದು ಹನಿ ಉಕ್ಕಿ ಒಲೆಯ ಮೇಲೆ ಬಿತ್ತು. ಸುಟ್ಟ ಮಣ್ಣು ನೆನೆದ ವಾಸನೆ ಎದ್ದಿತು. ಆಣೆ ಮೂರು ತಾಸೂ ನಿಲ್ಲಲಿಲ್ಲ. ಆ ದಿನ ನೋಟುಬುಕ್ಕಿನಲ್ಲಿ ಮೊದಲ ಸಲ ಎರಡನೆಯ ಸಾಲು ಹಾಕಿದೆ. ಎಡಕ್ಕೆ ಗುಳಿಗೆ, ಬಲಕ್ಕೆ ಮಣ್ಣು. ಗುಳಿಗೆ ವಾಂತಿಯಲ್ಲಿ ಹೋದರೆ ಗೆರೆಯ ಸುತ್ತ ಸೊನ್ನೆ. ಆಗಸ್ಟ್ ೧೮ರ ಮಣ್ಣು: ಅತ್ತೆ ಕೆತ್ತಿಟ್ಟಿದ್ದ ನಾಲ್ಕು ಬಿಲ್ಲೆ.

ಅತ್ತೆಗೆ ನರ್ಸಬಾಯಿಯ ಮಾತು ಹೇಳಿದೆ. ಅವರು ಕೇಳಲಿಲ್ಲ. "ಅಕಿಗೆ ಮಕ್ಕಳದಾವೇನ? ಬುಕ್ಕಿನ್ಯಾಗ ಬಯಕಿ ಬರದಿರೂದಿಲ್ಲ." ಮರುದಿನ ಮುಂಜಾನೆ ನಾನು ಏಳುವುದರೊಳಗೆ ಒಲೆಯ ಕಟ್ಟೆಯ ಮೇಲೆ ಮೂರು ಬಿಲ್ಲೆ ಕೆತ್ತಿ ಇಟ್ಟಿದ್ದರು.

ಆಗಸ್ಟ್ ೨೭ರ ನಸುಕಿನಲ್ಲಿ ದೊಡ್ಡವ್ವ ನನ್ನ ಮಗ್ಗುಲಲ್ಲೇ ಬಂದು ಕುಳಿತಳು. ಒಂದು ತಂಬಿಗೆಯಷ್ಟು ಅಂತರ.

"ಮಾರಿ ಭಾಳ ಬಿಳಿಚೇತಲ್ಲ ನಿಂದು. ನಿಮ್ಮ ನಾದಿನೀದೂ ಕಡೀಕಡೀಗೆ ಹಿಂಗ ಆಗಿತ್ತು. ಸುಣ್ಣಾ ಬಡದ ಗ್ವಾಡಿ ಆಗಿದ್ಲು."

ಇವರ ಅಕ್ಕ, ಅಂದರೆ ನನ್ನ ನಾದಿನಿ, ನಾನು ಈ ಮನೆಗೆ ಬರುವ ಮೊದಲೇ, ಹೆರಿಗೆಗೆಂದು ತವರಿಗೆ ಬಂದವಳು, ಇಲ್ಲಿಯೇ ತೀರಿಕೊಂಡಿದ್ದಳು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಅತ್ತೆ ಆ ಮಾತು ಎತ್ತುತ್ತಿರಲಿಲ್ಲ.

"ಏನಾಗಿತ್ತು ಅಕಿಗೆ?" ಎಂದೆ.

"ಏನಾಗಬೇಕು, ರಕ್ತ ನಿಲ್ಲಲಿಲ್ಲ. ಕೂಸೂ ಉಳೀಲಿಲ್ಲ. ಆದ್ರ ಬಯಕೀ ಮಾತ್ರ ಎಲ್ಲಾ ತೀರಿಸಿದ್ರು ನೋಡವಾ, ಏನೂ ಕಡಿಮಿ ಮಾಡ್ಲಿಲ್ಲ. ಒಲಿ ಮುಂದ ಕುಂತು ಚಮಚಾ ಸುದ್ದಾ ಬೇಡ್ತಿದ್ದಿಲ್ಲ, ಉಗುರಿಲೆ ಕೆದರ್ತಿದ್ಲು."

ಮನೆಗೆ ಬಂದೆ. ಅತ್ತೆ ಹೊರಗೆ ಇದ್ದರು. ಒಲೆ ಇನ್ನೂ ತಣ್ಣಗಿತ್ತು. ಆ ತಗ್ಗಿನೊಳಗೆ ನಾನು ಕೈ ಹಾಕಿದ್ದು ಅದೇ ಮೊದಲು; ಅಲ್ಲಿಯವರೆಗೆ ಅತ್ತೆ ಕೆತ್ತಿ ಕೊಟ್ಟದ್ದನ್ನು ತಿಂದವಳು. ಅದರ ಬಾಯಿ ನಾಲ್ಕು ಬೆರಳು ಅಗಲ, ಆಳ ನಡುಬೆರಳಿನ ಎರಡು ಗೆಣ್ಣು. ದಾರ ಇಟ್ಟು ಅಳೆದು ಬರೆದಿದ್ದೇನೆ. ಒಳಗಿನ ಮೇಲ್ಭಾಗ ನುಣುಪಾಗಿತ್ತು. ಚಮಚ ಮುಟ್ಟದ ಕೆಳಮೂಲೆಯಲ್ಲಿ ಮಾತ್ರ ಸಣ್ಣ ಸಣ್ಣ ಗೀರುಗಳಿದ್ದವು. ನನ್ನ ಬೆರಳಿನ ಉಗುರು ಅವುಗಳಲ್ಲಿ ಸರಿಯಾಗಿ ಕೂತಿತು.

ನಾನು ಬಚ್ಚಲಿಗೆ ಓಡಿದೆ. ಕಣ್ಣಲ್ಲಿ ನೀರು ಬರುವವರೆಗೆ ವಾಂತಿಯಾಯಿತು. ಸತ್ತವಳ ಎಂಜಲು ತಿಂದೆ ಅನ್ನಿಸಿತು. ಮೈಯೊಳಗಿರುವುದನ್ನೆಲ್ಲ ಹೊರಗೆ ತೆಗೆದು ತೊಳೆಯಬೇಕು ಅನ್ನಿಸಿತು.

ಅದೇ ದಿನ ಸಂಜೆ ನಾನು ಮತ್ತೆ ಎರಡು ಬಿಲ್ಲೆ ತಿಂದೆ. ಬಲಗಡೆಯ ಸಾಲಿನಲ್ಲಿ ಎರಡು ಗೆರೆ ಇವೆ. ದೊಡ್ಡವ್ವನ ಮೇಲೆ, ಅತ್ತೆಯ ಮೇಲೆ, ತುಕ್ಕು ತೇಗಿನ ಮೇಲೆ ನನಗೆ ಎಷ್ಟು ಹೇಸಿಗೆ ಬಂದಿತ್ತೋ ಅದೆಲ್ಲವನ್ನೂ ಕೂಡಿಸಿದರೂ ಆ ಎರಡು ಗೆರೆ ಎಳೆಯುವಾಗ ನನ್ನ ಮೇಲೆ ಬಂದ ಹೇಸಿಗೆಗೆ ಸಮ ಆಗುವುದಿಲ್ಲ.

ಇವರಿಗೆ ಹೇಳಿದೆ. "ಒಲೀನ ಒಡದು ಹಾಕ್ರಿ. ಹೊಸಾದು ಹಾಕೂಣು." ಇವರು ಗಾಬರಿಯಾದರು. ಮನೆಯಲ್ಲಿ ಬಸಿರಿ ಇರುವಾಗ ಮೊಳೆ ಹೊಡೆಯಬಾರದು, ನೆಲ ಅಗೆಯಬಾರದು, ಒಲೆಯಂತೂ ಒಡೆಯಲೇಬಾರದು, ಕೂಸಿಗೆ ಊನವಾಗುತ್ತದೆ. ಓದಿದವರಾದರೂ ಇವರಿಗೆ ಆ ಧೈರ್ಯವಿರಲಿಲ್ಲ. "ಅವ್ವ ಕೇಳಿದ್ರ ಮನೀನ ಬಿಡತಾಳ," ಎಂದರು. ಒಲೆ ಕೂಸನ್ನು ಕಾಯುತ್ತದೆ, ಅದೇ ಒಲೆ ನನ್ನನ್ನು ತಿನ್ನುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ. ಇದು ನಮ್ಮ ಮನೆಯ ಕಾಯಿದೆ.

ಸೆಪ್ಟೆಂಬರ್ ೯, ಭಾನುವಾರ, ಮಧ್ಯಾಹ್ನ ಮೂರು ಗಂಟೆಯ ಸುಮಾರು. ಪಡಸಾಲೆಯಲ್ಲಿ ಕುಳಿತು ಗೆರೆ ಕೂಡಿಸುತ್ತಿದ್ದೆ. ಅತ್ತೆ ಹೆಸರುಕಾಳು ಹಸನು ಮಾಡುತ್ತ ಎದುರಿಗೆ ಕುಳಿತಿದ್ದರು. ಅವರಿಗೆ ಓದು ಬರುವುದಿಲ್ಲ. ಆದರೆ ಗೆರೆ ಯಾರಿಗಾದರೂ ತಿಳಿಯುತ್ತದೆ.

"ಎರಡು ಸಾಲು ಯಾಕ?"

"ಇದು ಗುಳಿಗೀರಿ. ಇದು ಮಣ್ಣು."

"ಈ ಸುತ್ತು ಹಾಕಿದ್ದು?"

"ವಾಂತ್ಯಾಗ ಹೋಗಿದ್ದು."

ಅವರು ಮೊರ ಕೆಳಗಿಟ್ಟು ಹತ್ತಿರ ಬಂದರು. ಬಲಗಡೆಯ ಸಾಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರು. "ಎಷ್ಟು ಆತು?"

"ಇಪ್ಪತ್ತಮೂರು ದಿನದಾಗ ಎಪ್ಪತ್ತೊಂದು ಬಿಲ್ಲಿ."

"ಎಪ್ಪತ್ತೊಂದು!" ಎಂದು ಒಲೆಯ ಕಡೆ ತಿರುಗಿ ನೋಡಿದರು. ಆಮೇಲೆ ನನ್ನನ್ನು ನೋಡದೆ ಕೇಳಿದರು: "ಅಕಿ ಎಷ್ಟು ತಿಂದಿರಬೇಕು?"

ಯಾರು ಎಂದು ನಾನು ಕೇಳಲಿಲ್ಲ.

"ಗೊತ್ತಿಲ್ರಿ. ಯಾರೂ ಎಣಿಸಿಲ್ಲಲ್ರಿ."

"ಅಕಿಗೂ ದವಾಖಾನ್ಯಾಗ ಏನೋ ಔಷಧ ಕೊಟ್ಟಿದ್ರು. ಬಾಟ್ಲಿದು. ಹಲ್ಲು ಕರ್ರಗ ಆಗ್ತಾವು ಅಂತ ಅಳತಿದ್ಲು. ನಾನ ಅಂದೆ, ಬಾಯಿ ರುಚಿಗೆ ಇದನ್ನ ತಿನ್ನು ಅಂತ." ಇಷ್ಟು ಹೇಳಿ ಮೊರ ಎತ್ತಿಕೊಂಡು ಮತ್ತೆ ಕಾಳು ಹಸನು ಮಾಡತೊಡಗಿದರು. ಕಲ್ಲನ್ನೂ ಕಾಳನ್ನೂ ಒಂದೇ ಕಡೆ ಹಾಕುತ್ತಿದ್ದರು.

ಮರುದಿನ ಮುಂಜಾನೆ ಒಲೆಯ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುವ ನಾತ. ತಗ್ಗು ಕಾಣಲಿಲ್ಲ. ಅತ್ತೆ ಅದನ್ನು ಒಡೆದಿರಲಿಲ್ಲ, ಒಡೆಯುವ ಹಾಗಿಲ್ಲವಲ್ಲ. ಸೆಗಣಿಯಲ್ಲಿ ಬೇವಿನೆಣ್ಣೆ, ಹಿಂಗು, ಮೆಣಸಿನಕಾಯಿ ಪುಡಿ ಕಲಸಿ ಬಾಯಿತನಕ ತುಂಬಿ, ಮೇಲೆ ನುಣ್ಣಗೆ ಸಾರಿಸಿದ್ದರು. ಅವರ ಮೊಣಕೈವರೆಗೆ ಮೆತ್ತಿಕೊಂಡಿತ್ತು. ಕಣ್ಣು ಕೆಂಪಾಗಿದ್ದವು. ಮೆಣಸಿನಕಾಯಿಯ ಘಾಟಿಗೆ ಎಂದು ನಾನು ಬರೆದಿದ್ದೇನೆ.

"ಸಾರಸೂದಕ್ಕ ದೋಷ ಇಲ್ಲ," ಎಂದರು. "ಇನ್ನ ಇದಕ್ಕ ಬೆರಳು ಹಚ್ಚಿ ನೋಡು ನೀ."

ಬೆಂಕಿ ಹಾಕಿದಾಗ ಆ ನಾತ ಎಂಟು ದಿನ ಮನೆ ಬಿಡಲಿಲ್ಲ. ಇವರು ಊಟವನ್ನು ಅಂಗಳಕ್ಕೆ ಒಯ್ದು ಮಾಡಿದರು. ಅನ್ನ, ಸಾರು, ಚಹಾ ಎಲ್ಲಕ್ಕೂ ಬೇವಿನ ಕಹಿ ಹೊಗೆ ಹತ್ತಿತ್ತು. ನನಗೆ ಮಣ್ಣು ನೆನೆದರೆ ಸಾಕು, ಆ ನಾತ ಮೊದಲು ನೆನಪಾಗುತ್ತಿತ್ತು. ಗುಳಿಗೆಯ ತೇಗು ಅದಕ್ಕಿಂತ ಎಷ್ಟೋ ಮೇಲು.

ಸೆಪ್ಟೆಂಬರ್ ೧೭, ಸೋಮವಾರ, ಕುಬಸ ಮಾಡಿದರು. ಏಳನೆಯ ತಿಂಗಳಲ್ಲಿ ಬಸಿರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಓಣಿಯ ಹೆಂಗಸರು ಬಯಕೆಯ ಊಟ ತಂದು ಉಣಿಸುತ್ತಾರೆ. ದೊಡ್ಡವ್ವ ಹೋಳಿಗೆಯ ಡಬ್ಬಿಯ ಜೊತೆ ಒಂದು ಬಾಳೆಲೆಯ ಪೊಟ್ಟಣ ತಂದು ನನ್ನ ಉಡಿಯಲ್ಲಿ ಇಟ್ಟಳು. ಬಿಚ್ಚಿದರೆ ಕುಂಬಾರರ ಭಟ್ಟಿಯ ಸುಟ್ಟ ಮಣ್ಣಿನ ತುಂಡುಗಳು, ಆರಿಸಿ ತಂದಂಥವು. ಹೋಳಿಗೆಯ ತುಪ್ಪ ಅವುಗಳಿಗೂ ಹತ್ತಿ ಮಿರಮಿರ ಮಿಂಚುತ್ತಿದ್ದವು. ಬೇವಿನ ನಾತ ನೆನಪಾದರೂ ಬಾಯಲ್ಲಿ ನೀರು ಬಂತು.

ಅತ್ತೆ ಬಂದು, ಪೊಟ್ಟಣ ಎತ್ತಿಕೊಂಡು, ಎಲ್ಲರ ಮುಂದೆ ಹೋಗಿ ಬಚ್ಚಲಿಗೆ ಸುರಿದರು. ಮೇಲೆ ಒಂದು ಚರಿಗೆ ನೀರು ಹಾಕಿದರು.

"ಏ ಯಕ್ಕಾ, ಉಡಿಯಾಗಿಂದು ತಗೀತೀಯೇನ?" ಎಂದಳು ದೊಡ್ಡವ್ವ. "ಕೂಸಿನ ಕಿವಿ ಸೋರಿದ್ರ ನನ್ನ ಕೇಳಬ್ಯಾಡ ಮತ್ತ!"

"ನಿನ್ನ ಕೇಳಿ ನಾ ಏನೂ ಮಾಡಿಲ್ಲ. ಹೋಳಿಗಿ ಚಲೋ ಆಗ್ಯಾವು, ನೀನೂ ತಿನ್ನು, ಕುಂದ್ರು."

ಮರುದಿನ ಹೆರಿಗೆಗೆ ನರಗುಂದಕ್ಕೆ ಹೊರಟೆ. ದಾರಿಯಲ್ಲಿ ರೋಣದಲ್ಲಿ ಇಳಿದು ಕಣ್ಣು ತೋರಿಸಿದೆ. "ಇನ್ನೂ ಬೆಳ್ಳಗ ಐತಿ," ಎಂದು ನರ್ಸಬಾಯಿ ನನ್ನ ಉಗುರು ನೋಡಿದರು. "ಉಗುರು ಮಾತ್ರ ಸ್ವಚ್ಛ ಐತಿ. ನರಗುಂದ ದವಾಖಾನಿಗೆ ಚೀಟಿ ಬರದು ಕೊಡ್ತೀನಿ. ತಪ್ಪಸಬ್ಯಾಡ."

ತವರಿನಲ್ಲಿ ಅವ್ವನಿಗೆ ನೋಟುಬುಕ್ಕಿನ ಹುಚ್ಚು ಮೊದಲಿನಿಂದಲೂ ಗೊತ್ತು. ಹೊತ್ತಾದರೆ "ಗೆರಿ ಎಳದೇನ?" ಎಂದೇ ಕೇಳುತ್ತಿದ್ದಳು, ಗುಳಿಗೆ ನುಂಗಿದೆಯಾ ಎಂದಲ್ಲ. ಅಕ್ಟೋಬರಿನಲ್ಲಿ ಒಂದು ದಿನ ಹಿತ್ತಲ ಗೋಡೆಯ ಹೆಂಟೆ ಮುರಿದು ತಿಂದೆ. ಒಂದೇ. ಅದೂ ಬರೆದಿದೆ. ನವೆಂಬರ್ ಕೊನೆಗೆ ನರಗುಂದದ ದವಾಖಾನೆಯಲ್ಲಿ ರೆಪ್ಪೆ ಹೊರಳಿಸಿದವರು "ಅಡ್ಡಿ ಇಲ್ಲ, ಗುಲಾಬಿ ಬಂದೈತಿ," ಎಂದರು.

ಡಿಸೆಂಬರ್ ೧೧, ಮಂಗಳವಾರ. ಮುಂಜಾನೆಯ ಒಂದು ಗುಳಿಗೆ ನುಂಗಿದ ಮೇಲೆ ನೋವು ಸುರುವಾಯಿತು. ಮಧ್ಯಾಹ್ನ ಒಂದೂವರೆಗೆ ಹೆಣ್ಣು ಹುಟ್ಟಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಬಿಸಿಯಾಗಿ ಬೆನ್ನ ಕೆಳಗೆ ಹರಿದು ಬರುವುದು ಗೊತ್ತಾಗುತ್ತಿತ್ತು. ಅದಕ್ಕೂ ಅದೇ ತುಕ್ಕಿನ ವಾಸನೆ. ಐದು ತಿಂಗಳು ಅದನ್ನು ಬಾಯಲ್ಲಿ ತಡೆದುಕೊಂಡಿದ್ದೆ, ಈಗ ಕೋಣೆಯ ತುಂಬ ಇತ್ತು. ದವಾಖಾನೆಯವರು ಹೊಟ್ಟೆ ಅಮುಕಿ ಹಿಡಿದು, ಸೂಜಿ ಚುಚ್ಚಿದರು. ಅವ್ವ ಅರಿವೆ ಬದಲಿಸುತ್ತಲೇ ಇದ್ದಳು. ಎಷ್ಟು ಅರಿವೆ ಎಂದು ನಾನು ಎಣಿಸಲಿಲ್ಲ, ಎಣಿಸಲು ಆಗಲಿಲ್ಲ. ಆಮೇಲೆ ಅವ್ವನನ್ನು ಕೇಳಿದೆ. "ಅದನ್ಯಾಕ ಎಣಸಲಿ?" ಎಂದು ಸಿಟ್ಟು ಮಾಡಿದಳು. ಮೂರು ಗಂಟೆಯ ಸುಮಾರಿಗೆ ರಕ್ತ ನಿಂತಿತು. "ಆಗಸ್ಟಿನ್ಯಾಗ ಇದ್ದಂಗ ಇದ್ದಿದ್ರ ನಿಲ್ಲೂತನಕ ಈಕಿ ತಡೀತಿದ್ದಿಲ್ಲ," ಎಂದು ಅಲ್ಲಿಯ ನರ್ಸು ರೋಣದ ಚೀಟಿ ನೋಡುತ್ತ ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

ಲೆಕ್ಕ ಇಷ್ಟು. ಮೊದಲ ನಲವತ್ತು ದಿನದ ೧೨೦ ಗುಳಿಗೆಗಳಲ್ಲಿ ಎಷ್ಟು ನಿಂತವೋ ಗೊತ್ತಿಲ್ಲ. ಆಗಸ್ಟ್ ೧೮ರಿಂದ ನುಂಗಬೇಕಾದವು ೩೪೬. ತಪ್ಪಿದ್ದು ೯, ವಾಂತಿಯಾದದ್ದು ೩೧, ಹೊಟ್ಟೆಯಲ್ಲಿ ನಿಂತದ್ದು ೩೦೬. ಹಳದಿಯದರಲ್ಲಿ ಒಟ್ಟು ತಪ್ಪಿದ್ದು ಮೂರು.

ಮಗಳಿಗೆ ಮೂರು ತಿಂಗಳಾದಾಗ ಗಜೇಂದ್ರಗಡಕ್ಕೆ ಬಂದೆವು. ಬಂದ ವಾರದಲ್ಲೇ ಅದರ ಎಡಗಿವಿ ಸೋರಿತು. ಹಳದಿ ನೀರು, ನಾತ ಬೇರೆ. ದೊಡ್ಡವ್ವ ಬಾಗಿಲಲ್ಲಿ ನಿಂತು, "ನಾ ಹೇಳಿದ್ನಿಲ್ಲೋ?" ಎಂದಳು. ಅತ್ತೆ ಸೆರಗಿನ ತುದಿ ಹೊಸೆದು ಕಿವಿ ಒರೆಸಿದರು.

"ಸೋರಲಿ ಬಿಡು. ಕಿವಿ ಒರಸಾಕ ಬರ್ತೈತಿ."

ದೊಡ್ಡವ್ವ ಬಾಗಿಲಿನಿಂದ ಹೊರಳಿ ಹೋದಳು. ಕಿವಿ ಹನ್ನೊಂದು ದಿನಕ್ಕೆ ವಾಸಿಯಾಯಿತು. ಬಸಿರು ಮುಗಿದಿತ್ತಲ್ಲ, ಮುಂದಿನ ಶುಭದಿನ ನೋಡಿ ಅತ್ತೆ ಹಾರೆ ತರಿಸಿ ಹಳೆಯ ಒಲೆಯನ್ನು ಒಡೆಸಿದರು. ಮಣ್ಣನ್ನು ತಿಪ್ಪೆಗೂ ಹಾಕಗೊಡಲಿಲ್ಲ. ಬುಟ್ಟಿಯಲ್ಲಿ ಹೊರಿಸಿ ಹಳ್ಳಕ್ಕೆ ಚೆಲ್ಲಿಸಿದರು. ಒಟ್ಟು ಒಂಬತ್ತು ಬುಟ್ಟಿ.

ಈಗ ೧೯೫೮. ನಾನು ಮತ್ತೆ ಬಸಿರಿ. ಹಸಿರು ಗುಳಿಗೆ ಸುರುವಾಗಿದೆ, ತೇಗು ಅದೇ, ವಾಸನೆ ಅದೇ. ಈ ಸಲ ಮೊದಲ ದಿನದಿಂದಲೇ ಎರಡು ಸಾಲು ಹಾಕಿದ್ದೇನೆ. ಬಲಗಡೆಯದು ಇಲ್ಲಿಯವರೆಗೆ ಖಾಲಿ.

ಒಂದು ಮಾತು ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಮಣ್ಣು ನಿಜವಾಗಿ ಗುಳಿಗೆಯ ಕಬ್ಬಿಣವನ್ನು ಹೀರುತ್ತದೆಯೇ? ಅಥವಾ ರಕ್ತ ಕಡಿಮೆಯಾದದ್ದಕ್ಕೇ ಮಣ್ಣು ಬೇಕೆನ್ನಿಸುತ್ತದೆಯೇ? ಇಲ್ಲವೇ ಎಲ್ಲ ಆ ಚಹಾದ್ದೋ, ಹುಳದ್ದೋ? ರೋಣದ ನರ್ಸಬಾಯಿ ತಮ್ಮ ಊಹೆ ಹೇಳಿದರು, ಅಷ್ಟೇ. ಇದನ್ನು ಓದಿದವರಲ್ಲಿ ವೈದ್ಯರಿದ್ದರೆ, ಸೂಲಗಿತ್ತಿಯರಿದ್ದರೆ, ಬಸಿರಿನಲ್ಲಿ ಮಣ್ಣು ತಿಂದು ಬಿಟ್ಟವರಿದ್ದರೆ, ಗೊತ್ತಿದ್ದಷ್ಟು ಈ ಪತ್ರಿಕೆಗೆ ಬರೆದು ತಿಳಿಸಬೇಕು. ನಿಮ್ಮ ಮನೆಯ ಒಲೆಯಲ್ಲಿ ಇಂಥ ತಗ್ಗಿದ್ದರೆ ಅದರ ಅಳತೆ, ಅದನ್ನು ತಿಂದವರು ಏನಾದರು ಎಂಬುದನ್ನೂ ಬರೆಯಿರಿ. ಕೇಳುತ್ತಿರುವುದು ನನಗಾಗಿ ಮಾತ್ರವಲ್ಲ. ಇದನ್ನು ಇನ್ನೂ ಬರೆಯುತ್ತಿರುವಾಗಲೇ ಅತ್ತೆ ದಿನಾ ಒಂದು ಸಲವಾದರೂ ಟಪಾಲು ಬಂತೇ ಎನ್ನುತ್ತಾರೆ. ಉತ್ತರ ಎಂಥದೇ ಇರಲಿ, ಒಂದು ಅಕ್ಷರವನ್ನೂ ಬಿಡದೆ ಓದಿ ಹೇಳಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.